ಅಂಜೂರದ ಕಡ್ಡಿ: ಎಲೆ ಬಂತೆಂದು ನೀರು ಸುರಿಯಬೇಡಿ

ಚಿತ್ರದುರ್ಗದ ಒಣ ಹವೆ, ಬಿಸಿಲು, ಕೆಮ್ಮಣ್ಣು ಅಂಜೂರಕ್ಕೆ ಚೆನ್ನಾಗಿ ಒಗ್ಗುತ್ತವೆ. ಪರಿಚಯದವರ ಹಿತ್ತಲಲ್ಲಿ ಒಳ್ಳೆಯ ಗಿಡ ಇದ್ದರೆ ಒಂದೆರಡು ಕಡ್ಡಿ ಕೇಳಿ ತನ್ನಿ. ಬೀಜದ ಗಿಡ ತಾಯಿಗಿಡದಂಥ ಹಣ್ಣನ್ನೇ ಕೊಡುತ್ತದೆ ಅನ್ನೋ ಭರವಸೆ ಇಲ್ಲ, ಕಡ್ಡಿಯಿಂದ ಬಂದದ್ದು ಕೊಡುತ್ತದೆ. ಪೂನಾ ತಳಿಯಾದರೆ ಪರಾಗಸ್ಪರ್ಶವೂ ಬೇಕಿಲ್ಲ, ಒಂಟಿ ಗಿಡವೇ ಕಾಯಿ ಬಿಡುತ್ತದೆ.

ಸಂಕ್ರಾಂತಿಯ ಆಸುಪಾಸು ಶುರು ಮಾಡಿ. ಬೇಸಿಗೆ ಬಲಿಯುವ ಮೊದಲೇ ಬೇರು ಬಂದಿರುತ್ತದೆ.

ಕಳೆದ ವರ್ಷ ಬೆಳೆದು ಕಂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್‌ಗಿಂತ ತುಸು ದಪ್ಪದ ಕಡ್ಡಿ ಆರಿಸಿ. ತುದಿಯ ಹಸಿರು ಭಾಗ ಬೇಗ ಕೊಳೆಯುತ್ತದೆ, ಅದು ಬೇಡ. 20ರಿಂದ 25 ಸೆಂ.ಮೀ. ಉದ್ದ, ನಾಲ್ಕೈದು ಗೆಣ್ಣು ಇರಲಿ. ಬುಡವನ್ನು ಗೆಣ್ಣಿನ ಕೆಳಗೇ ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿ. ಆಗ ತಲೆಕೆಳಗಾಗಿ ನೆಡುವ ಭಯವಿಲ್ಲ. ಎಲೆ, ಕಾಯಿ ಎಲ್ಲ ತೆಗೆದುಬಿಡಿ. ಕತ್ತರಿಸಿದಲ್ಲಿ ಒಸರುವ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಉರಿಯುತ್ತದೆ, ಬೊಬ್ಬೆ ಬರುವುದೂ ಉಂಟು. ಕೈಗವಸು ಹಾಕಿಕೊಳ್ಳಿ. ಹಾಲು ಆರುವವರೆಗೆ ಕಡ್ಡಿ ನೆರಳಲ್ಲಿರಲಿ. ಬೇರು ಬರಿಸುವ ಪುಡಿ ಇದ್ದರೆ ಬುಡಕ್ಕೆ ಸವರಿ, ಇಲ್ಲದಿದ್ದರೂ ನಡೆಯುತ್ತದೆ.

ಮಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎರೆಮಣ್ಣು ನೀರು ಹಿಡಿದಿಟ್ಟು ಕಡ್ಡಿಯನ್ನು ಕೊಳೆಸುತ್ತದೆ. ದಪ್ಪ ಮರಳು, ತೆಂಗಿನ ನಾರಿನ ಪುಡಿ ಸಮಪಾಲು ಸೇರಿಸಿ, ಸ್ವಲ್ಪ ಕೆಮ್ಮಣ್ಣು ಬೆರೆಸಿ. ಗೊಬ್ಬರ ಈಗಲೇ ಬೇಡ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ ತೇವ ಸಾಕು.

ಪಾತ್ರೆಗೆ ಎರಡು ಲೀಟರಿನ ಪಾರದರ್ಶಕ ಬಾಟಲಿಯೇ ನನ್ನ ಆಯ್ಕೆ. ಕುತ್ತಿಗೆ ಕತ್ತರಿಸಿ, ತಳಕ್ಕೆ ನಾಲ್ಕಾರು ತೂತು ಹಾಕಿ. ಮೇಲೆ ಒಂದೆರಡು ಗೆಣ್ಣು ಉಳಿಯುವಂತೆ ಕಡ್ಡಿ ನೆಟ್ಟು, ಸುತ್ತ ಒತ್ತಿ. ಬಾಟಲಿಗೆ ಹಳೇ ಪೇಪರ್ ಸುತ್ತಿಡಿ, ಬೇರಿಗೆ ಕತ್ತಲೆ ಬೇಕು. ನಮ್ಮ ಒಣ ಗಾಳಿಗೆ ಕಡ್ಡಿ ಬೇಗ ಬಾಡುತ್ತದೆ, ಹಾಗಾಗಿ ಮೇಲೊಂದು ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ. ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಬೆಳಕಿರಲಿ, ನೇರ ಬಿಸಿಲು ಬೇಡ.

ಇನ್ನು ಮುಖ್ಯ ಮಾತು. ಎರಡು ಮೂರು ವಾರದಲ್ಲಿ ಎಲೆ ಚಿಗುರಬಹುದು. ಖುಷಿಯಾಗುತ್ತದೆ ಅಲ್ವಾ? ಆದರೆ ಅದು ಕಡ್ಡಿಯೊಳಗೆ ಮೊದಲೇ ಕೂಡಿಟ್ಟ ಆಹಾರದಿಂದ ಬಂದ ಎಲೆ. ಕೆಳಗೆ ಒಂದೂ ಬೇರು ಇಲ್ಲದಿರಬಹುದು. ಈ ಹೊತ್ತಿನಲ್ಲೇ ಜನ ಗಿಡ ಬಂತೆಂದು ದಿನಾ ನೀರು ಹಾಕುತ್ತಾರೆ, ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಬೆರಳಿಟ್ಟು ನೋಡಿ, ಒಂದಿಂಚು ಒಣಗಿದ್ದರೆ ಮಾತ್ರ ಸ್ವಲ್ಪ ನೀರು ಕೊಡಿ. ಬೇರು ಬಂತಾ ಅಂತ ಕಡ್ಡಿ ಎಳೆದು ನೋಡಬೇಡಿ, ಎಳೆ ಬೇರು ಮುರಿಯುತ್ತವೆ. ಪೇಪರ್ ಸರಿಸಿದರೆ ಬಿಳಿ ಬೇರು ಬಾಟಲಿಯ ಗೋಡೆಗೆ ಕಾಣುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಇದರ ನಡುವೆ ಪುಟ್ಟ ಕಾಯಿ ಮೂಡಿದರೆ ಚಿವುಟಿ ಹಾಕಿ.

ಬೇರು ತುಂಬಿದ ಮೇಲೆ ಎರೆಗೊಬ್ಬರ ಸೇರಿಸಿದ ಕುಂಡಕ್ಕೆ ಬದಲಿಸಿ. ಮುಚ್ಚಿದ ಕವರನ್ನು ಒಮ್ಮೆಗೇ ತೆಗೆಯದೆ ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಡುತ್ತಾ ಹೋಗಿ. ಬೇಸಿಗೆಯನ್ನು ನೆರಳಲ್ಲೇ ಕಳೆಯಲಿ. ಮುಂಗಾರು ಹಿಡಿದ ಮೇಲೆ ಎರಡಡಿ ಗುಂಡಿ ತೆಗೆದು, ಬೇವಿನ ಹಿಂಡಿ ಬೆರೆಸಿದ ಮಣ್ಣಿನಲ್ಲಿ ನೆಡಿ. ಅಂಜೂರದ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿನ ಕಾಟ ಹಿಂಡಿಯಿಂದ ಕಡಿಮೆಯಾಗುತ್ತದೆ. ಗೋಡೆಯಿಂದ ಹತ್ತಡಿಯಾದರೂ ದೂರವಿರಲಿ.