ಬಸುರಿಯರ ಕ್ರೂಸ್ ಪ್ರವಾಸ: ಮೊದಲು ವಾರದ ಲೆಕ್ಕ, ಆಮೇಲೆ ಟಿಕೆಟ್

ಗರ್ಭಿಣಿಯರ ವಿಷಯದಲ್ಲಿ ದೊಡ್ಡ ಕ್ರೂಸ್ ಕಂಪನಿಗಳದ್ದೆಲ್ಲ ಹೆಚ್ಚುಕಡಿಮೆ ಒಂದೇ ನಿಯಮ. ರಾಯಲ್ ಕೆರಿಬಿಯನ್, ಕಾರ್ನಿವಲ್, ಪ್ರಿನ್ಸೆಸ್, ನಾರ್ವೇಜಿಯನ್ ಎಲ್ಲರೂ 24ನೇ ವಾರಕ್ಕೆ ಗೆರೆ ಎಳೆದಿದ್ದಾರೆ. ಜನ ಎಡವುವುದು ಎಲ್ಲಿ ಎಂದರೆ, ಈ ಲೆಕ್ಕ ಹಡಗು ಹತ್ತುವ ದಿನಕ್ಕಲ್ಲ, ಇಳಿಯುವ ದಿನಕ್ಕೆ. ಹತ್ತುವಾಗ 22 ವಾರವಿದ್ದು ಪ್ರವಾಸದ ನಡುವೆ 24ಕ್ಕೆ ಬೀಳುವಂತಿದ್ದರೂ ಬಂದರಿನಲ್ಲೇ ತಡೆಯುತ್ತಾರೆ. ಆಗ ಹಣ ವಾಪಸ್ ಬರುವುದು ಬಹಳ ಕಷ್ಟ. ವಿಮಾನದವರು 36ನೇ ವಾರದ ಹತ್ತಿರದವರೆಗೂ ಬಿಡುತ್ತಾರಲ್ಲ, ಹಡಗಿನವರೂ ಬಿಟ್ಟಾರು ಎಂದುಕೊಂಡು ಬುಕ್ ಮಾಡಬೇಡಿ.

ನಮ್ಮ ಮನೆಗಳಲ್ಲಿ ಬಸಿರನ್ನು ಎಣಿಸುವುದು ತಿಂಗಳಲ್ಲಿ. "ಐದು ತುಂಬಿ ಆರಕ್ಕೆ ಬಿದ್ದಿದೆ, ಸೀಮಂತಕ್ಕೆ ಇನ್ನೂ ಟೈಮಿದೆ" ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರ ಎಣಿಸಬೇಕು. ಬಸಿರಿಗೆ ಎಷ್ಟು ವಾರವೆಂದು ಅಳೆಯುವ ಡೇಟಿಂಗ್ ಸ್ಕ್ಯಾನ್ ಆದಮೇಲೆ ಡಾಕ್ಟರು ಡ್ಯೂ ಡೇಟ್ ಬದಲಿಸಿದ್ದರೆ ಅದನ್ನೇ ಹಿಡಿಯಬೇಕು. ಸುಲಭದ ದಾರಿ: ಡ್ಯೂ ಡೇಟ್‌ನಿಂದ 17 ವಾರ, ಅಂದರೆ 119 ದಿನ ಹಿಂದಕ್ಕೆ ಹೋಗಿ. ಅವತ್ತಿಗೆ 23 ವಾರ ತುಂಬಿ 24ನೆಯದು ಶುರು. ಡ್ಯೂ ಡೇಟ್ 2027ರ ಮೇ 20 ಎಂದಿದ್ದರೆ ಆ ದಿನ ಜನವರಿ 21. ಹಾಗಾಗಿ ಜನವರಿ 20ರೊಳಗೆ ಹಡಗಿನಿಂದ ಇಳಿದಿರಬೇಕು. ಒಂದು ವಾರ ಕೈಯಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಮ್ಮ ಸಲಹೆ 14ರಿಂದ 20ನೇ ವಾರದ ನಡುವಿನ ಅವಧಿ. ಆ ಹೊತ್ತಿಗೆ ಬಹಳಷ್ಟು ಜನರಿಗೆ ವಾಂತಿ, ಸುಸ್ತು ಇಳಿದಿರುತ್ತದೆ, ಹೊಟ್ಟೆಯೂ ಇನ್ನೂ ಭಾರವಾಗಿರುವುದಿಲ್ಲ. ಮಗುವಿನ ಅಂಗಾಂಗ ಸರಿಯಾಗಿವೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 22ನೇ ವಾರದೊಳಗೆ ಆಗಬೇಕು. ಪ್ರವಾಸದ ತಾರೀಖು ಅದಕ್ಕೆ ಅಡ್ಡ ಬರದಂತೆ ನೋಡಿಕೊಳ್ಳಿ.

ಇಷ್ಟು ಬಿಗಿ ಏಕೆ ಎಂದರೆ, ಹಡಗಿನಲ್ಲಿ ಡಾಕ್ಟರು, ನರ್ಸ್, ಡ್ರಿಪ್, ಆಮ್ಲಜನಕ ಇರುತ್ತವೆ. ಆದರೆ ಹೆರಿಗೆ ತಜ್ಞರು, ರಕ್ತನಿಧಿ, ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಬೇಕಾದ ಐಸಿಯು ಇರುವುದಿಲ್ಲ. ಆ ದವಾಖಾನೆ ಇರುವುದು ರೋಗಿಯನ್ನು ಸಂಭಾಳಿಸಿ ದಡದ ಆಸ್ಪತ್ರೆಗೆ ದಾಟಿಸಲು. ಆದ್ದರಿಂದ ಮಾರ್ಗ ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ದೊಡ್ಡ ಆಸ್ಪತ್ರೆ ಎಷ್ಟು ಗಂಟೆ ದೂರ? ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಬರುವ ಹಡಗುಗಳು ನಿಲ್ಲುವ ಊರುಗಳಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ. ಮುಂಬೈ–ಗೋವಾ ಸುತ್ತು ಚಿಕ್ಕದು, ಕರಾವಳಿಗೂ ಹತ್ತಿರ. ಮುಂಬೈಯಿಂದ ಲಕ್ಷದ್ವೀಪದ ಮಾರ್ಗ ಹಾಗಲ್ಲ. ಅಲ್ಲಿ ಗಂಭೀರ ಸ್ಥಿತಿಯ ರೋಗಿಗಳನ್ನು ವಿಮಾನದಲ್ಲೋ ಹೆಲಿಕಾಪ್ಟರ್‌ನಲ್ಲೋ ಕೊಚ್ಚಿಗೆ ಸಾಗಿಸಬೇಕಾಗುತ್ತದೆ, ದ್ವೀಪಕ್ಕೆ ಇಳಿಯುವುದೂ ಅಲೆಗೆ ತೂಗುವ ಸಣ್ಣ ದೋಣಿಯಲ್ಲಿ. ಬಸುರಿಯರಿಗೆ ಆ ಮಾರ್ಗ ನಾವು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಯಾವ ಪ್ರವಾಸವೂ ಬೇಡ.

ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿದ್ದರೆ, ಈ ಬಸಿರಿನಲ್ಲಿ ರಕ್ತ ಕಂಡಿದ್ದರೆ, ಮಾಸು ಕೆಳಗಿದೆ ಎಂದಿದ್ದರೆ, ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರೆ, ಬಿಪಿ ಹೆಚ್ಚಿದ್ದರೆ, ಅವಳಿ ಇದ್ದರೆ ಪ್ರವಾಸ ಮುಂದಕ್ಕೆ ಹಾಕಿ. ಭ್ರೂಣ ಗರ್ಭಕೋಶದೊಳಗೇ ಇದೆ ಎಂದು ಸ್ಕ್ಯಾನ್‌ನಲ್ಲಿ ಖಚಿತವಾಗುವ ಮುಂಚೆಯೂ ಸಮುದ್ರಕ್ಕೆ ಹೋಗಬಾರದು.

ಡಾಕ್ಟರ ಪತ್ರ ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ ಮೇಲಿರಲಿ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ಡ್ಯೂ ಡೇಟ್, ಹತ್ತುವ ದಿನಕ್ಕೂ ಇಳಿಯುವ ದಿನಕ್ಕೂ ಎಷ್ಟು ವಾರ, ಮಗು ಒಂದೇ ಎನ್ನುವುದು, ತಾಯಿ ಮಗು ಆರೋಗ್ಯವಾಗಿದ್ದು ಸಮುದ್ರ ಪ್ರಯಾಣಕ್ಕೆ ಅಡ್ಡಿಯಿಲ್ಲ ಎನ್ನುವ ಮಾತು, ಡಾಕ್ಟರ ನೋಂದಣಿ ಸಂಖ್ಯೆ, ಸಹಿ, ಸೀಲು, ತಾರೀಖು ಎಲ್ಲ ಬೇಕು. "ಪ್ರಯಾಣ ಮಾಡಬಹುದು" ಎಂಬ ಒಂದು ಸಾಲಿನ ಚೀಟಿ ಸಾಲದು. ಪತ್ರದ ಜೊತೆ ಸ್ಕ್ಯಾನ್ ರಿಪೋರ್ಟ್ ಮತ್ತು ರಕ್ತದ ಗುಂಪಿನ ರಿಪೋರ್ಟಿನ ಪ್ರತಿ ಇಟ್ಟುಕೊಳ್ಳಿ.

ರಕ್ತದ ಗುಂಪು ನೆಗೆಟಿವ್ ಇರುವವರು ಇದನ್ನು ಗಮನವಿಟ್ಟು ಓದಿ. ರಕ್ತಸ್ರಾವವಾದರೆ ಅಥವಾ ಹೊಟ್ಟೆಗೆ ಪೆಟ್ಟು ಬಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ (ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಮದ್ದು) ಬೇಕಾಗಬಹುದು. ಅದು ಹಡಗಿನಲ್ಲಿ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ, ಮೊದಲು ಸಿಗುವ ಬಂದರಿನಲ್ಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ವಿಮೆ. ಪ್ರವಾಸ ವಿಮೆಯ ಬಹಳಷ್ಟು ಪಾಲಿಸಿಗಳು ಗರ್ಭಧಾರಣೆಗೆ ಸಂಬಂಧಿಸಿದ ಖರ್ಚನ್ನು ಹೊರಗಿಡುತ್ತವೆ. ಏಜೆಂಟ್ ಬಾಯಿಮಾತು ಬೇಡ. ಯಾವ ವಾರದವರೆಗೆ, ಯಾವ ತೊಂದರೆಗೆ, ಹಡಗಿನಿಂದ ದಡಕ್ಕೆ ಸಾಗಿಸುವ ಖರ್ಚೂ ಸೇರಿ ಎಂಬುದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಹಡಗಿನ ದವಾಖಾನೆಯ ಬಿಲ್ ನಿಮ್ಮ ರೂಮಿನ ಖಾತೆಗೇ ಬೀಳುತ್ತದೆ. ಮೊದಲು ಕಟ್ಟಿ, ಆಮೇಲೆ ಕ್ಲೇಮ್ ಮಾಡಬೇಕು.

ರೂಮು ಹಡಗಿನ ಉದ್ದದ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿರಲಿ, ಓಲಾಟ ಅಲ್ಲಿ ಕಡಿಮೆ. ಲಿಫ್ಟಿನ ಹತ್ತಿರ ಸಿಕ್ಕಿದರೆ ಅನುಕೂಲ. ಆದರೆ ತುರ್ತು ಸಂದರ್ಭದಲ್ಲಿ ಲಿಫ್ಟ್ ಬಳಸುವಂತಿಲ್ಲ, ಆದ್ದರಿಂದ ಮೊದಲ ದಿನವೇ ಮೆಟ್ಟಿಲಿನಲ್ಲಿ, ತುರ್ತಿನಲ್ಲಿ ಎಲ್ಲರೂ ಸೇರಬೇಕಾದ ಜಾಗದವರೆಗೆ ನಡೆದು ನೋಡಿ. ಲೈಫ್ ಜಾಕೆಟ್ ಒಮ್ಮೆ ಹಾಕಿ, ಪಟ್ಟಿ ಹೊಟ್ಟೆಯನ್ನು ಒತ್ತದಂತೆ ಹೇಗೆ ಕಟ್ಟುವುದೆಂದು ಸಿಬ್ಬಂದಿಯನ್ನು ಕೇಳಿ. ದೊಡ್ಡ ಬ್ಯಾಗು ರೂಮಿಗೆ ಬರುವುದು ಸಂಜೆಯಾದೀತು. ಮಾತ್ರೆ, ಪತ್ರ, ನೀರಿನ ಬಾಟಲಿ ಕೈಚೀಲದಲ್ಲಿರಲಿ.

ಸಮುದ್ರದ ಓಲಾಟಕ್ಕೆ ವಾಂತಿ ಶುರುವಾದ ಮೇಲೆ ಮಾತ್ರೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಮುಂಚೆಯೇ ತೆಗೆದುಕೊಳ್ಳಬೇಕು. ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ಮಾತ್ರೆಯನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಬರೆದುಕೊಡುತ್ತಾರೆ. ಅದರಿಂದ ನಿದ್ದೆ ಬರುವುದರಿಂದ ಮೆಟ್ಟಿಲಲ್ಲಿ ಜೋಪಾನ. ಕಿವಿಯ ಹಿಂದೆ ಅಂಟಿಸುವ ಪಟ್ಟಿಯನ್ನೂ ಅಂಗಡಿಯ ಬೇರೆ ಮಾತ್ರೆಗಳನ್ನೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಖಾಲಿ ಹೊಟ್ಟೆ ವಾಕರಿಕೆಯನ್ನು ಹೆಚ್ಚಿಸುತ್ತದೆ. ಎರಡು ಗಂಟೆಗೊಮ್ಮೆ ಒಂದೆರಡು ರಸ್ಕು, ಒಂದು ಚೂರು ಶುಂಠಿ. ಮನೆಯ ತಿಂಡಿಯನ್ನು ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಸೀಲ್ ಆಗಿರುವ ಪೊಟ್ಟಣಗಳನ್ನೇ ಒಯ್ಯಿರಿ.

ಹಡಗಿನಲ್ಲಿ ವಾಂತಿಭೇದಿ ತರುವ ನೊರೊವೈರಸ್ ಒಬ್ಬರಿಂದ ಇನ್ನೊಬ್ಬರಿಗೆ ಬಲುಬೇಗ ಹರಡುತ್ತದೆ. ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಫೆಯ ಚಮಚಗಳನ್ನು ನೂರಾರು ಕೈ ಮುಟ್ಟಿರುತ್ತವೆ, ಹಾಗಾಗಿ ತಟ್ಟೆಗೆ ಬಡಿಸಿಕೊಂಡ ಮೇಲೆ, ತಿನ್ನುವ ಮುಂಚೆ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ. ಆಗುವುದಾದರೆ ಬಫೆ ಬಿಟ್ಟು, ಬಿಸಿಬಿಸಿಯಾಗಿ ಬಡಿಸುವ ಊಟದ ಹಾಲಿಗೇ ಹೋಗಿ. ಭೇದಿಯಾದರೆ ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಯಿರಿ. ಅರ್ಧ ಪೊಟ್ಟಣ ಅರ್ಧ ಲೀಟರಿಗೆ ಎಂಬ ಅಂದಾಜು ಬೇಡ. ಹಸಿ ಮೀನಿನ ಸುಶಿ, ಅರೆಬೆಂದ ಮೊಟ್ಟೆ, ಹಸಿ ಮೊಳಕೆಕಾಳು, ಪಾಶ್ಚರೀಕರಿಸದ ಹಾಲಿನ ಚೀಸ್, ತಣ್ಣಗೆ ಬಡಿಸುವ ಮಾಂಸದ ಹೋಳು ಬೇಡ. ಮದ್ಯ ಒಂದು ತೊಟ್ಟೂ ಬೇಡ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟದಿರಲಿ.

ಈಜುಕೊಳಕ್ಕೆ ಇಳಿಯಬಹುದು. ಬಿಸಿನೀರಿನ ಜಕೂಜಿ, ಸೌನಾ ಬೇಡ. ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಯಾವ ತಿಂಗಳಲ್ಲೂ ಕೂಡದು, ಮೇಲೆ ಬರುವಾಗ ರಕ್ತದಲ್ಲಿ ಮೂಡುವ ಗಾಳಿಗುಳ್ಳೆಗಳಿಂದ ಮಗುವಿಗೆ ರಕ್ಷಣೆಯಿಲ್ಲ. ಹೋಗುವ ದೇಶಗಳಲ್ಲಿ, ಸೊಳ್ಳೆಯಿಂದ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುವ ಝಿಕಾ ವೈರಸ್ ಇದೆಯೇ ಎಂದು ಮುಂಚೆಯೇ ವಿಚಾರಿಸಿ. ಡೆಂಗಿ ಇರುವ ಊರುಗಳಲ್ಲಿ ಇಳಿಯುವಾಗ ತುಂಬುತೋಳಿನ ಬಟ್ಟೆ ಹಾಕಿ, ಡೀಟ್ ಇರುವ ಸೊಳ್ಳೆ ಕ್ರೀಮ್ ಹಚ್ಚಿಕೊಳ್ಳಿ.

ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯಾಗುತ್ತಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ರೂಮಿನ ಫೋನಿನ ಪಕ್ಕದಲ್ಲೇ ತುರ್ತು ನಂಬರ್ ಬರೆದಿರುತ್ತದೆ. ಹಡಗು ದಡಕ್ಕೆ ಹತ್ತಿರವಿರುವಾಗಲೇ ಹೇಳಿದರೆ ಮುಂದಿನ ದಾರಿ ಗೊತ್ತುಮಾಡಲು ಕ್ಯಾಪ್ಟನ್‌ಗೂ ಡಾಕ್ಟರಿಗೂ ಸಮಯ ಸಿಗುತ್ತದೆ.