ವಿಯೆನ್ನಾ ಮೊದಲು, ಪುಣೆ ಆಮೇಲೆ

ಗೋವಾದ ವಾಸ್ಕೋದ ಮಾರುಕಟ್ಟೆಯಲ್ಲಿ ನಾನು ತರಕಾರಿ ಕೊಳ್ಳುವ ಅಂಗಡಿಯವರು ಬಾಗಲಕೋಟೆ ಕಡೆಯವರು. ಧ್ರುವ ಪ್ರದೇಶದ ಮೇಲೆ ಸಂಶೋಧನೆ ಮಾಡುತ್ತೇನೆಂದು ತಿಳಿದ ದಿನ ಅವರು ಕೇಳಿದ ಮೊದಲ ಪ್ರಶ್ನೆ, “ಸರ, ಅಂಟಾರ್ಕ್ಟಿಕಾದಾಗ ಎಷ್ಟ್ ದಿನ ಇದ್ರಿ?” ಎಂಬುದು. ಒಂದು ದಿನವೂ ಇರಲಿಲ್ಲವೆಂದಾಗ ಅವರಿಗಾದ ನಿರಾಸೆ ನನಗೆ ಅರ್ಥವಾಯಿತು. 1981ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ ಹೊರಟದ್ದು ಗೋವಾದಿಂದಲೇ. ಯಾತ್ರೆಗಳನ್ನು ಈಗ ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವೂ ಇದೇ ಊರಿನ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲಿದೆ. ಹೀಗಿರುವಾಗ, ಮಂಜುಗಡ್ಡೆಯನ್ನು ಮುಟ್ಟದೆಯೇ ಅದನ್ನು ಓದುವವರೂ ಇದ್ದಾರೆಂದು ಇಲ್ಲಿಯ ಜನರಿಗೆ ಹೇಳುವುದು ಸ್ವಲ್ಪ ಕಷ್ಟ. ನಾನು ಹೋಗಿರುವುದು ಸಮ್ಮೇಳನಗಳಿಗೆ ಮತ್ತು ತರಬೇತಿಗಳಿಗೆ, ಅದೂ ಹಿಂದುಮುಂದಾದ ಕ್ರಮದಲ್ಲಿ. ಕಾರವಾರ, ಧಾರವಾಡಗಳಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗರು ಫೋನು ಮಾಡಿ “ಅಣ್ಣಾ, ಇವಕ್ಕೆಲ್ಲ ಹೇಗೆ ಹೋಗುವುದು?” ಎಂದು ಕೇಳುತ್ತಲೇ ಇರುವುದರಿಂದ, ನಡೆದದ್ದನ್ನು ಒಮ್ಮೆ ಬರೆದಿಡುತ್ತಿದ್ದೇನೆ.

ನನ್ನ ವಿಷಯವನ್ನು ಚಿಕ್ಕದಾಗಿ ಹೇಳದಿದ್ದರೆ ಮುಂದಿನದು ತಿಳಿಯಲಾರದು. ಅಂಟಾರ್ಕ್ಟಿಕದ ಹಿಮರಾಶಿ ನೆಲದಿಂದ ಜಾರಿ ಸಮುದ್ರದ ಮೇಲೆ ದಪ್ಪ ಹಲಗೆಯಂತೆ ತೇಲುತ್ತ ಚಾಚಿಕೊಳ್ಳುತ್ತದೆ. ಇದಕ್ಕೆ ಐಸ್ ಶೆಲ್ಫ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದರ ಮೇಲ್ಮೈ ಕರಗಿ ನೀರು ನಿಂತರೆ, ಆ ನೀರು ಬಿರುಕುಗಳಿಗೆ ಇಳಿದು ಚಾಚನ್ನೇ ಸೀಳಬಲ್ಲದು. 2002ರಲ್ಲಿ ಲಾರ್ಸನ್ ಬಿ ಎಂಬ ಐಸ್ ಶೆಲ್ಫ್‌ನಲ್ಲಿ ಸುಮಾರು 3,250 ಚದರ ಕಿಲೋಮೀಟರ್‌ನಷ್ಟು ಭಾಗ ಕೆಲವೇ ವಾರಗಳಲ್ಲಿ ಚೂರಾದದ್ದರ ಹಿಂದೆ ಹೀಗೆ ನಿಂತ ನೀರಿನ ಪಾತ್ರ ದೊಡ್ಡದು. ಒಣ ಹಿಮದಲ್ಲಿ ನೀರಿನ ಅಂಶ ತುಸು ಸೇರಿದರೂ ಅದು ಹೊರಸೂಸುವ ಮೈಕ್ರೋವೇವ್ ವಿಕಿರಣ ತಟ್ಟನೆ ಏರುತ್ತದೆ. ಈ ಏರಿಕೆಯನ್ನು ಉಪಗ್ರಹ ಮೋಡದ ಮರೆಯಿಂದಲೂ ಹಿಡಿಯುತ್ತದೆ. ಭಾರತದ ಮೈತ್ರಿ ನಿಲ್ದಾಣವಿರುವ ಡ್ರಾನಿಂಗ್ ಮಾಡ್ ಲ್ಯಾಂಡ್ ಕರಾವಳಿಯಲ್ಲಿ ಯಾವ ವರ್ಷ ಎಷ್ಟು ದಿನ ಕರಗಿತೆಂದು ಹೀಗೆ ಎಣಿಸುವುದು ನನ್ನ ಕೆಲಸ.

2019ರ ಏಪ್ರಿಲ್‌ನಲ್ಲಿ, ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ, ಯುರೋಪಿಯನ್ ಭೂವಿಜ್ಞಾನಗಳ ಒಕ್ಕೂಟದ ವಾರ್ಷಿಕ ಸಭೆಗೆಂದು ವಿಯೆನ್ನಾಕ್ಕೆ ಹೋದೆ. ಹದಿನಾರು ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿದ್ದ ಆ ಸಭೆಯಲ್ಲಿ ನನ್ನ ಮೊದಲ ಪಾಠ ವಿಜ್ಞಾನಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ತೋರಿಸುವ ಪೋಸ್ಟರ್ ಎಂದರೆ ಎ-ಝೀರೋ ಅಳತೆ, ಉದ್ದಕ್ಕೆ ನಿಲ್ಲಿಸುವುದು ಎಂದು ನಮ್ಮಲ್ಲಿ ರೂಢಿ. ನಾನೂ ಹಾಗೆಯೇ 119 ಸೆಂಟಿಮೀಟರ್ ಎತ್ತರದ ಪೋಸ್ಟರ್ ಮುದ್ರಿಸಿ, ಕೊಳವೆಯಲ್ಲಿ ಸುತ್ತಿ, ವಿಮಾನದಲ್ಲಿ ಮಗುವಿನಂತೆ ಕಾಪಾಡಿಕೊಂಡು ಒಯ್ದಿದ್ದೆ. ಅಲ್ಲಿಯ ಹಲಗೆಗಳೋ 197 ಸೆಂಟಿಮೀಟರ್ ಅಗಲ, 100 ಸೆಂಟಿಮೀಟರ್ ಎತ್ತರದವು. ಈ ಅಳತೆಯನ್ನು ಸೂಚನೆಗಳಲ್ಲಿ ಸ್ಪಷ್ಟವಾಗಿ ಕೊಟ್ಟಿದ್ದರು, ನಾನು ಓದಿರಲಿಲ್ಲ. ತೀರ್ಮಾನಗಳನ್ನು ಬರೆದ ಕೆಳಭಾಗ ಹಲಗೆಯಿಂದಾಚೆ ಜೋತುಬಿದ್ದಿತ್ತು. ಬಂದವರು ಬಗ್ಗಿ ಓದಬೇಕಾಯಿತು, ಹೆಚ್ಚಿನವರು ಬಗ್ಗಲಿಲ್ಲ.

ಬಗ್ಗಿ ಓದಿದವರಲ್ಲಿ ಒಬ್ಬ ಹಿರಿಯ ವಿಜ್ಞಾನಿ ಒಂದೇ ಪ್ರಶ್ನೆ ಕೇಳಿದರು: ಸಮುದ್ರದ ಅಂಚಿನ ಚೌಕಗಳಲ್ಲಿ ಮಂಜುಗಡ್ಡೆ ಎಷ್ಟು, ಸಮುದ್ರ ಎಷ್ಟು? ಉಪಗ್ರಹದ ದತ್ತಾಂಶವನ್ನು 25 ಕಿಲೋಮೀಟರ್ ಚೌಕಗಳಲ್ಲಿ ಕೊಟ್ಟಿರುತ್ತಾರೆ, ಆದ್ದರಿಂದ ಅಂಚಿನ ಒಂದು ಸಾಲನ್ನು ಬಿಟ್ಟಿದ್ದೇನೆ ಎಂದು ಉತ್ತರಿಸಿದೆ. ಅವರು ಮುಗುಳ್ನಕ್ಕು, ಉಪಗ್ರಹದ ಆಂಟೆನಾ ನೋಡುವ ಜಾಗ ಅದಕ್ಕಿಂತ ಎಷ್ಟು ದೊಡ್ಡದೆಂದು ನೋಡಿಕೊಳ್ಳಿ ಎಂದು ಹೇಳಿ ಮುಂದಿನ ಪೋಸ್ಟರ್‌ಗೆ ಹೋದರು. ಆ ಮಾತಿನ ಭಾರ ಅಂದು ನನಗೆ ತಟ್ಟಲಿಲ್ಲ. ಉಳಿದ ನಾಲ್ಕು ದಿನ ಕೊಠಡಿಯಿಂದ ಕೊಠಡಿಗೆ ಓಡಿದೆ, ಪರಿಚಿತ ಹೆಸರುಗಳ ಮುಖ ನೋಡಿದೆ, ಅರ್ಧಕ್ಕಿಂತ ಹೆಚ್ಚು ಉಪನ್ಯಾಸಗಳು ತಲೆಯ ಮೇಲಿಂದ ಹಾದುಹೋದವು. ಅಷ್ಟು ದೊಡ್ಡ ಸಭೆಯಲ್ಲಿ ಏನನ್ನು ಕೇಳಬೇಕೆಂದು ಮೊದಲೇ ಗೊತ್ತಿರುವವನಿಗೆ ಮಾತ್ರ ಏನಾದರೂ ದಕ್ಕುತ್ತದೆ, ನನಗೆ ಅದು ಗೊತ್ತಿರಲಿಲ್ಲ.

ಹಣದ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಂಥ ಸಭೆಗಳಲ್ಲಿ ಪ್ರಯಾಣ ನೆರವು ಬೇಕಾದವರಿಗೆ ಅಬ್‌ಸ್ಟ್ರ್ಯಾಕ್ಟ್, ಎಂದರೆ ಮಂಡಿಸುವ ಕೆಲಸದ ಸಾರಾಂಶ, ಸಲ್ಲಿಸುವ ಕೊನೆಯ ದಿನ ಉಳಿದವರಿಗಿಂತ ಸಾಕಷ್ಟು ಮುಂಚೆಯೇ ಬರುತ್ತದೆ. ವಿಯೆನ್ನಾ ಸಭೆಯಲ್ಲಿ ಈ ಅಂತರ ಒಂದು ತಿಂಗಳಿಗೂ ಮಿಕ್ಕಿ ಇರುವುದುಂಟು. ಎಲ್ಲರಿಗೂ ಜನವರಿ ಎಂದುಕೊಂಡು ಕುಳಿತಿದ್ದ ನಾನು ಅದನ್ನು ತಪ್ಪಿಸಿಕೊಂಡು, ಇಲ್ಲಿಯ ಒಂದು ನಿಧಿಗೆ ಅರ್ಜಿ ಹಾಕಿದೆ. ಮಂಜೂರಾಯಿತು, ಆದರೆ ಹಿಂದಿರುಗಿದ ಮೇಲೆ ಲೆಕ್ಕ ಒಪ್ಪಿಸುವಾಗ ಬೋರ್ಡಿಂಗ್ ಪಾಸ್‌ನ ಮೇಲಿನ ಅಕ್ಷರ ಕಾಣುವುದಿಲ್ಲವೆಂದು ಕಡತ ಏಳು ತಿಂಗಳು ಅಲ್ಲಿಯೇ ಕುಳಿತಿತು. ಆ ಚೀಟಿಗಳು ಶಾಖದಿಂದ ಮುದ್ರಿಸಿದವು, ಶಾಯಿಯವಲ್ಲ. ಗೋವಾದ ಸೆಕೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಹಾಳೆಯಾಗುತ್ತವೆ. ಈಗ ವಿಮಾನ ಇಳಿದ ದಿನವೇ ನಕಲು ತೆಗೆಸಿಬಿಡುತ್ತೇನೆ.

ವಿಯೆನ್ನಾದ ಪ್ರಶ್ನೆಗೆ ಉತ್ತರ ಸಿಕ್ಕದ್ದು ಪುಣೆಯಲ್ಲಿ, ಅದೇ ವರ್ಷದ ಕೊನೆಯಲ್ಲಿ. ಅಲ್ಲಿಯ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಗಾಳಿ, ಸಾಗರ, ನೆಲಗಳನ್ನು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಲೆಕ್ಕಿಸುವ ನಮ್ಮ ದೇಶದ ಮೊದಲ ಭೂವ್ಯವಸ್ಥಾ ಮಾದರಿಯನ್ನು ರೂಪಿಸಿದ ಜಾಗ. ಹವಾಮಾನ ದತ್ತಾಂಶವನ್ನು ಬಳಸುವ ಕುರಿತ ಕಿರು ತರಬೇತಿಗೆಂದು ಅಲ್ಲಿಗೆ ಹೋಗುವಾಗ ನನ್ನಲ್ಲಿ ಸ್ವಲ್ಪ ತಾತ್ಸಾರವಿತ್ತೆಂದು ಒಪ್ಪಿಕೊಳ್ಳಬೇಕು. ವಿಯೆನ್ನಾ ನೋಡಿಬಂದವನಿಗೆ, ವಾಸ್ಕೋದಿಂದ ರಾತ್ರಿ ಬಸ್ಸು ಹತ್ತಿ ಸೇರುವ ಊರಿನಲ್ಲಿ ಹೊಸದೇನಿದ್ದೀತು ಎಂಬ ಭಾವ. ಅಲ್ಲಿದ್ದವರು ಮೂವತ್ತಕ್ಕೂ ಕಡಿಮೆ, ಹೆಚ್ಚಿನವರು ಮುಂಗಾರಿನ ಮೇಲೆ ಕೆಲಸ ಮಾಡುವವರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಕಂಪ್ಯೂಟರ್ ಮುಂದೆ ಅಭ್ಯಾಸ, ಸಂಜೆ ತಪ್ಪಿದ್ದನ್ನು ಪಾಠ ಮಾಡಿದವರೇ ಪಕ್ಕದಲ್ಲಿ ಕುಳಿತು ತಿದ್ದುವುದು.

ನಾಲ್ಕನೆಯ ದಿನ, ಒರಟು ಚೌಕಗಳಲ್ಲಿರುವ ಮಳೆಯ ದತ್ತಾಂಶವನ್ನು ಸಣ್ಣ ಚೌಕಗಳಿಗೆ ಇಳಿಸುವ ಪಾಠ ನಡೆಯುತ್ತಿತ್ತು. ಕರಾವಳಿಯ ಚೌಕಗಳಲ್ಲಿ ನೆಲ ಯಾವುದು, ಸಮುದ್ರ ಯಾವುದೆಂದು ಗುರುತಿಸುವ ಮಾಸ್ಕನ್ನು ಮೊದಲೇ ಹಾಕದಿದ್ದರೆ ಸಮುದ್ರದ ಸಂಖ್ಯೆಗಳು ಸದ್ದಿಲ್ಲದೆ ನೆಲಕ್ಕೆ ಹರಡುತ್ತವೆ ಎಂದು ಪಾಠ ಮಾಡುತ್ತಿದ್ದವರು ಪಶ್ಚಿಮ ಘಟ್ಟದ ನಕ್ಷೆಯ ಮೇಲೆ ತೋರಿಸಿದರು. ನಾನು ಅಲ್ಲಿಯೇ ನನ್ನ ಲ್ಯಾಪ್‌ಟಾಪ್ ತೆರೆದೆ. ನಾನು ಬಳಸುವ 19 ಗಿಗಾಹರ್ಟ್ಸ್ ಮೈಕ್ರೋವೇವ್ ಆವರ್ತನದಲ್ಲಿ ಉಪಗ್ರಹ ಸರಣಿಯ ಉಪಕರಣ ಒಂದು ನೋಟಕ್ಕೆ ಕಾಣುವ ಜಾಗ ಸುಮಾರು 70 ಕಿಲೋಮೀಟರ್ ಉದ್ದ, 45 ಕಿಲೋಮೀಟರ್ ಅಗಲದ್ದು. 25 ಕಿಲೋಮೀಟರ್ ಚೌಕ ಎಂಬುದು ಆ ನೋಟವನ್ನು ತುಂಬಿಡುವ ಡಬ್ಬಿ ಮಾತ್ರ. ತೆರೆದ ನೀರು ಕಡಿಮೆ ವಿಕಿರಣ ಸೂಸುತ್ತದೆ, ಅದರ ಮೇಲೆ ಮಂಜುಗಡ್ಡೆ ಕಟ್ಟಿದರೆ ವಿಕಿರಣ ಏರುತ್ತದೆ. ಅಂದರೆ ಅಂಚಿನ ಎರಡು–ಮೂರು ಸಾಲುಗಳಲ್ಲಿ ನಾನು “ಕರಗಿದ ದಿನ” ಎಂದು ಎಣಿಸಿದವುಗಳಲ್ಲಿ ಹಲವು, ನಿಜವಾಗಿ ಪಕ್ಕದ ಸಮುದ್ರ ಹೆಪ್ಪುಗಟ್ಟಿದ ದಿನಗಳು. ಕರಗುವುದಕ್ಕೆ ನೇರ ವಿರುದ್ಧವಾದದ್ದನ್ನು ಕರಗುವಿಕೆಯೆಂದು ವಿಯೆನ್ನಾದಲ್ಲಿ ಪ್ರದರ್ಶಿಸಿ ಬಂದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರಬಂಧದ ಎರಡನೆಯ ಅಧ್ಯಾಯವನ್ನು ಹೊಸದಾಗಿ ಬರೆಯಲು ಐದು ತಿಂಗಳು ಹಿಡಿಯಿತು, ಆದರೆ ಪರೀಕ್ಷಕರ ಮುಂದೆ ಗಟ್ಟಿಯಾಗಿ ನಿಂತದ್ದು ಅದೊಂದೇ ಅಧ್ಯಾಯ.

ಆದ್ದರಿಂದ ಕೇಳುವವರಿಗೆ ನಾನು ಹೇಳುವುದು, ಮೊದಲು ನಿಮ್ಮ ತಪ್ಪು ಹೊರಬೀಳುವಷ್ಟು ಸಣ್ಣ ಜಾಗಕ್ಕೆ ಹೋಗಿ ಎಂದು. ಅದು ಧ್ರುವದ ಹೆಸರು ಹೊತ್ತಿರಬೇಕೆಂದೇನೂ ಇಲ್ಲ. ಹೈದರಾಬಾದಿನಲ್ಲಿ ಸಾಗರ ಮುನ್ಸೂಚನೆಯ ಅಂತರರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಅಭಿವೃದ್ಧಿಶೀಲ ದೇಶಗಳವರನ್ನು ಗಮನದಲ್ಲಿಟ್ಟುಕೊಂಡೇ 1964ರಲ್ಲಿ ಭೌತವಿಜ್ಞಾನಿ ಅಬ್ದುಸ್ ಸಲಾಂ ಕಟ್ಟಿದ ಇಟಲಿಯ ಟ್ರಿಯೆಸ್ಟ್‌ನ ಭೌತಶಾಸ್ತ್ರ ಕೇಂದ್ರ ಹವಾಮಾನದ ಶಾಲೆಗಳನ್ನೂ ನಡೆಸುತ್ತದೆ. ಅಂಟಾರ್ಕ್ಟಿಕ ಯಾತ್ರೆಗೆ ಆಯ್ಕೆಯಾದವರನ್ನು ಕಳುಹಿಸುವ ಉತ್ತರಾಖಂಡದ ಔಲಿಯ ತರಬೇತಿ ಬೇರೆಯ ಬಗೆಯದು. ಇಂಡೋ-ಟಿಬೆಟನ್ ಗಡಿ ಪೊಲೀಸರು ಹಿಮದಲ್ಲಿ ನಡೆಯುವುದನ್ನೂ ಬಿರುಕಿಗೆ ಬಿದ್ದವರನ್ನು ಎತ್ತುವುದನ್ನೂ ಕಲಿಸುತ್ತಾರೆ. ಅದರ ಬಗ್ಗೆ ಹೋಗಿಬಂದವರೇ ಬರೆಯಬೇಕು.

2022ರ ಆಗಸ್ಟ್‌ನಲ್ಲಿ ಅಂಟಾರ್ಕ್ಟಿಕ ಸಂಶೋಧನೆಯ ವೈಜ್ಞಾನಿಕ ಸಮಿತಿಯ, ಎಂದರೆ ಸ್ಕಾರ್‌ನ, ಮುಕ್ತ ವಿಜ್ಞಾನ ಸಮ್ಮೇಳನವನ್ನು ಭಾರತವೇ ನಡೆಸಿತು, ಆದರೆ ಕೋವಿಡ್ ಕಾರಣದಿಂದ ಆನ್‌ಲೈನ್‌ನಲ್ಲಿ. ವಾಸ್ಕೋದ ಬಾಡಿಗೆ ಕೋಣೆಯಲ್ಲಿ, ಹೊರಗೆ ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ, ವಿದ್ಯುತ್ತು ಹೋದರೆಂದು ಮೊಬೈಲನ್ನು ಸಿದ್ಧವಿಟ್ಟುಕೊಂಡು ತಿದ್ದಿದ ಫಲಿತಾಂಶವನ್ನು ಮಂಡಿಸಿದೆ. ಉಪನ್ಯಾಸವನ್ನು ನಿಲ್ಲಿಸಿ ಮತ್ತೆ ಕೇಳಬಹುದಾದ್ದರಿಂದ ವಿಷಯ ಕಲಿಯಲು ಆನ್‌ಲೈನ್ ವಿಯೆನ್ನಾಕ್ಕಿಂತ ಮೇಲು. ಆದರೆ ಪೋಸ್ಟರ್ ಮುಂದೆ ಬಗ್ಗಿ ನಿಂತು ಅಹಿತವಾದ ಪ್ರಶ್ನೆ ಕೇಳುವ ಹಿರಿಯರು ಪರದೆಯ ಮೇಲೆ ಸಿಗುವುದಿಲ್ಲ. “ಚೆನ್ನಾಗಿದೆ” ಎಂದು ಟೈಪ್ ಮಾಡಿ ಹೋಗುತ್ತಾರೆ.

ಆಮೇಲೆ ಬಂದದ್ದು ಕಾರ್ಥೌಸ್. ಇಟಲಿಯ ಆಲ್ಪ್ಸ್ ಬೆಟ್ಟಗಳ ನಡುವಿನ ಆ ಪುಟ್ಟ ಹಳ್ಳಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಹಿಮನದಿಗಳ ಶಾಲೆಯೊಂದನ್ನು ದಶಕಗಳಿಂದ ನಡೆಸುತ್ತಿದ್ದಾರೆ. ಅದಕ್ಕೂ ಮೊದಲು ಬೇರೊಂದು ಶಾಲೆ ನನ್ನ ಅರ್ಜಿಯನ್ನು ತಿರಸ್ಕರಿಸಿತ್ತು, ಅದು ಸರಿಯೂ ಆಗಿತ್ತು. ಆ ಪತ್ರದಲ್ಲಿ ಬಾಲ್ಯದಿಂದ ಹಿಮದ ಮೇಲಿದ್ದ ಕುತೂಹಲದ ಬಗ್ಗೆ ಬರೆದಿದ್ದೆ. ಕುಮಟಾದ ಹುಡುಗನಿಗೆ ಬಾಲ್ಯದಲ್ಲಿ ಯಾವ ಹಿಮ? ಎರಡನೆಯ ಸಲ ಅಂಚಿನ ಚೌಕಗಳ ತಪ್ಪನ್ನು ಇದ್ದಂತೆಯೇ ಬರೆದು, ಕರಗುವಿಕೆಯನ್ನು ಎಣಿಸಬಲ್ಲೆ, ಆದರೆ ಮಂಜುಗಡ್ಡೆ ಹೇಗೆ ಹರಿಯುತ್ತದೆಂಬ ಗಣಿತ ನನಗೆ ಬಾರದು, ಅದಕ್ಕಾಗಿ ಬರುತ್ತಿದ್ದೇನೆ ಎಂದೆ. ಅಲ್ಲಿ ಕರಿಹಲಗೆಯ ಮೇಲೆ ಗ್ಲೆನ್ ನಿಯಮವನ್ನು ಬಿಡಿಸಿದ ಬೆಳಿಗ್ಗೆ ಇನ್ನೂ ನೆನಪಿದೆ: ಮಂಜುಗಡ್ಡೆಯ ಮೇಲಿನ ಒತ್ತಡ ಇಮ್ಮಡಿಯಾದರೆ ಅದು ರೂಪಗೆಡುವ ವೇಗ ಎಂಟು ಪಟ್ಟಾಗುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದ ಸಾಲು ಅದು. ಲೆಕ್ಕವನ್ನು ಕೈಯಾರೆ ಮಾಡಿ, ಸಂಜೆ ಊಟದ ಮೇಜಿನ ಮೇಲೆ ಅದರ ಬಗ್ಗೆಯೇ ವಾದ ಮಾಡಿದ ಮೇಲೆ ಮಾತ್ರ ನನ್ನದಾಯಿತು.

ಯುವ ಧ್ರುವವಿಜ್ಞಾನಿಗಳ ಸಂಘವಾದ ಏಪೆಕ್ಸ್‌ನ ಸದಸ್ಯತ್ವಕ್ಕೆ ಶುಲ್ಕವಿಲ್ಲ, ಇಂಥ ಶಾಲೆಗಳ ಪ್ರಕಟಣೆಗಳು ಅಲ್ಲಿಂದ ಬೇಗ ತಿಳಿಯುತ್ತವೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿಗಳ ಕರಡುಗಳನ್ನು ಯುವ ಸಂಶೋಧಕರು ಗುಂಪಾಗಿ ಪರಿಶೀಲಿಸುವ ಕೆಲಸವನ್ನೂ ಈ ಸಂಘ ನಡೆಸಿದೆ. ಖರ್ಚಿಲ್ಲದೆ ಸಿಗುವ ತರಬೇತಿಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಏಕೆಂದರೆ ಒಂದು ವಾಕ್ಯದ ಹಿಂದೆ ಎಷ್ಟು ಪುರಾವೆ ಬೇಕೆಂದು ಅಲ್ಲಿ ಕಣ್ಣಾರೆ ಕಾಣುತ್ತದೆ.

ಈಗ ವಾಸ್ಕೋದಲ್ಲಿ ನಾವು ಐದಾರು ಮಂದಿ, ಇಬ್ಬರು ಗದಗದವರು, ಗುರುವಾರ ಸಂಜೆ ಸೇರುತ್ತೇವೆ. ಯಾರಾದರೂ ಎಲ್ಲಿಗಾದರೂ ಅಬ್‌ಸ್ಟ್ರ್ಯಾಕ್ಟ್ ಕಳುಹಿಸುವುದಿದ್ದರೆ ಮೊದಲು ಅದನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಬೇಕೆಂಬುದು ನಮ್ಮ ಕಟ್ಟಳೆ. ಇಂಗ್ಲಿಷಿನಲ್ಲಿ ಮುಚ್ಚಿಹೋಗುವ ಪೊಳ್ಳು ಕನ್ನಡದಲ್ಲಿ ಹೇಳುವಾಗ ತೊದಲಾಗಿ ಹೊರಬೀಳುತ್ತದೆ. ಕಳೆದ ವಾರ ವಿಯೆನ್ನಾಕ್ಕೆ ಅರ್ಜಿ ಹಾಕುತ್ತಿರುವ ಹುಡುಗಿಯೊಬ್ಬಳು ತನ್ನ ಕೆಲಸವನ್ನು ಹೀಗೆ ಹೇಳಿ ಮುಗಿಸಿದ ಮೇಲೆ ಚೀಲದಿಂದ ಅಳತೆಪಟ್ಟಿ ತೆಗೆದು, “ಸರ್, ಹಲಗೆ 197ಕ್ಕೆ 100 ಅಲ್ಲವೇ?” ಎಂದು ಕೇಳಿದಳು.