ಕಪ್ ಲೆಕ್ಕದ ಹಣ್ಣನ್ನು ಗ್ರಾಂಗೆ ತಿರುಗಿಸಲು
240 ಮಿಲಿ ಕಪ್‌ಗೆ ಮಾವಿನ ತಿರುಳಾದರೆ 250 ಗ್ರಾಂ, ಹೆಚ್ಚಿದ ಹೋಳಾದರೆ 165 ಗ್ರಾಂ ಹಿಡಿಯಿರಿ. ಅನಾನಸಿನ ಹೋಳಿಗೂ ಇದೇ ಲೆಕ್ಕ. ತಿರುಳು ಬಹುಪಾಲು ನೀರು, ಕಪ್ ತುಂಬ ಕೂರುತ್ತದೆ. ಹೋಳಿನ ಸಂದಿಯಲ್ಲಿ ಗಾಳಿ ಉಳಿಯುತ್ತದಲ್ವಾ? ಶಿರಸಿ ಕಡೆಯ ಹಲಸಿನ ಕಡುಬಿಗೆ ಇದು ತುಂಬಾ ಮುಖ್ಯ. ತೊಳೆ ಹೆಚ್ಚಿ ಅಳೆದದ್ದೋ, ರುಬ್ಬಿ ಅಳೆದದ್ದೋ ನೋಡದಿದ್ದರೆ ಹಿಟ್ಟು ನೀರಾಗಿ ಬಾಳೆಎಲೆಯಿಂದ ಹರಿದುಹೋಗುತ್ತದೆ. ಮನೆಯ ಲೋಟ ಎಷ್ಟು ಹಿಡಿಯುತ್ತದೆ ಗೊತ್ತಿಲ್ಲವಾದರೆ ನೀರು ತುಂಬಿ ತೂಗಿ, ಲೋಟದ ತೂಕ ಕಳೆಯಿರಿ. ಉಳಿದ ಗ್ರಾಂ ಎಷ್ಟೋ ಅಷ್ಟೇ ಮಿಲಿ. ಅಂಕೋಲಾದ ಇಶಾಡ ಮಾವಿನ ಹಣ್ಣನ್ನು ಕೈಯಲ್ಲಿ ಕಿವುಚಿದರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ಮಿಕ್ಸಿಯಲ್ಲಿ ತಿರುವಿ ನೊರೆ ಬಂದ ರಸಕ್ಕೆ, ಒಲೆಯಲ್ಲಿ ಬತ್ತಿಸಿದ ತಿರುಳಿಗೆ ಇದು ಹೊಂದಲ್ಲ. ಅವನ್ನು ಸುಮ್ನೆ ತಕ್ಕಡಿಗೇ ಇಡಿ.